ಬಿಳಿಯ ಕೈಗವಸು

ಕಲ್ಲಿದ್ದಲ ಗಣಿಗೆ ಇಳಿಯುವವನು ಬಿಳಿಯ ಕೈಗವಸು ತೊಟ್ಟು ಇಳಿಯುತ್ತಾನೆಂದರೆ ನಂಬುವವರು ಯಾರು? ಆದರೂ ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ವೇಲ್ಸಿನ ಟ್ರೆಡೀಗರ್ ಎಂಬ ಊರಿನಲ್ಲಿ ಹದಿನಾಲ್ಕು ವರ್ಷದ ಹುಡುಗನೊಬ್ಬ ಹಾಗೆಯೇ ಮಾಡುತ್ತಿದ್ದ. ಸುತ್ತಲಿನವರ ಮೈ ಕಪ್ಪು, ಮುಖ ಕಪ್ಪು, ಕೆಮ್ಮಿದರೆ ಬರುವ ಕಫವೂ ಕಪ್ಪು. ಇವನು ಕೈಬೆರಳುಗಳನ್ನು ಮಾತ್ರ ಮಸಿಗೂ ಗಾಯಕ್ಕೂ ಸಿಕ್ಕದಂತೆ ಕಾಪಾಡಿಕೊಳ್ಳುತ್ತಿದ್ದ. ಇದನ್ನು ಕಂಡು ಜೊತೆಯವರು ನಕ್ಕಿದ್ದರೆ ಆಶ್ಚರ್ಯವೇನೂ ಇಲ್ಲ. ಆದರೆ ಅದು ಷೋಕಿಯಾಗಿರಲಿಲ್ಲ. ಹೊತ್ತು ಮುಳುಗಿದ ಮೇಲೆ ಆ ಕೈಗಳಿಗೆ ಬೇರೊಂದು ಕೆಲಸವಿದ್ದಿತು. ಹುಡುಗನ ಹೆಸರು ರೇ ರಿಯರ್ಡನ್.

1932ರ ಅಕ್ಟೋಬರ್ 8ರಂದು ಹುಟ್ಟಿದ ಈತನ ತಂದೆಯೂ ಗಣಿಯವನೇ. ಆ ಊರಿನಲ್ಲಿ ಗಂಡುಮಗುವಿನ ಹಣೆಬರಹವನ್ನು ಓದಲು ಜೋಯಿಸರು ಬೇಕಾಗಿರಲಿಲ್ಲ. ಬ್ರಿಟನ್ನಿನಲ್ಲಿ ಎಲ್ಲರಿಗೂ ಉಚಿತ ವೈದ್ಯಸೇವೆಯನ್ನು ಏರ್ಪಡಿಸಿದ ಮಂತ್ರಿ ಅನ್ಯೂರಿನ್ ಬೆವನ್ ಕೂಡ ಇದೇ ಟ್ರೆಡೀಗರಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಗಣಿಗಿಳಿದವನು. ಕೂಲಿಕಾರರು ತಮ್ಮ ಸಂಬಳದಲ್ಲಿ ಉಳಿಸಿ ನಡೆಸುತ್ತಿದ್ದ ಸಂಘದ ಕಟ್ಟಡವೊಂದು ಅಲ್ಲಿದ್ದಿತು. ಬೆವನ್ನನಿಗೆ ಅಲ್ಲಿ ದೊರೆತದ್ದು ಪುಸ್ತಕ. ರಿಯರ್ಡನ್ನನಿಗೆ ದೊರೆತದ್ದು ಹಸಿರು ಬಟ್ಟೆ ಹೊದೆಸಿದ, ಹನ್ನೆರಡು ಅಡಿ ಉದ್ದದ ಮೇಜು. ಎಂಟು ವರ್ಷದವನಿದ್ದಾಗ ಸೋದರಮಾವನ ಸ್ಥಾನದ ಬಂಧುವೊಬ್ಬ ಆಟ ತೋರಿಸಿಕೊಟ್ಟನಂತೆ. ಅಂದು ಹಿಡಿದ ಕೋಲನ್ನು ಕೈ ಐವತ್ತು ವರ್ಷ ಬಿಡಲಿಲ್ಲ.

ಈ ಆಟದ ಹುಟ್ಟು ಮಾತ್ರ ನಮ್ಮ ನೆಲದಲ್ಲಿ. 1875ರಲ್ಲಿ ಜಬಲ್‌ಪುರದ ದಂಡಿನಲ್ಲಿ, ಮಳೆಗಾಲದ ಬೇಸರ ಕಳೆಯಲು, ಡೆವನ್‌ಷೈರ್ ರೆಜಿಮೆಂಟಿನ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಬಿಲಿಯರ್ಡ್ಸ್ ಮೇಜಿನ ಮೇಲೆ ಬಣ್ಣದ ಚೆಂಡುಗಳನ್ನು ಸೇರಿಸಿ ಹೂಡಿದ ಹೊಸ ಆಟವೇ ಸ್ನೂಕರ್. ಮುಂದೆ ಇದಕ್ಕೆ ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಿದ್ದು ನಮ್ಮ ಮೈಸೂರಿನ ನೆರೆಯ ನೀಲಗಿರಿಯಲ್ಲಿ, ಊಟಿಯ ಕ್ಲಬ್ಬಿನಲ್ಲಿ. ಕರಿಯರಿಗೆ ಒಳಗೆ ಪ್ರವೇಶವಿಲ್ಲದ ಕಾಲದ ಬಿಳಿಯ ದೊರೆಗಳ ವಿನೋದವು ಮೂರು ತಲೆಮಾರು ಕಳೆಯುವುದರೊಳಗೆ ವೇಲ್ಸಿನ ಕೂಲಿಕಾರರ ಸಂಜೆಯ ಸಂಗಾತಿಯಾದುದು ಒಂದು ವಿಚಿತ್ರ ಪ್ರಯಾಣವೇ ಸರಿ.

1950ರಿಂದ 1955ರ ವರೆಗೆ ಆರು ವರ್ಷ ಒಂದೇ ಸಮನೆ ರಿಯರ್ಡನ್ ವೇಲ್ಸಿನ ಹವ್ಯಾಸಿ ಚಾಂಪಿಯನ್ ಆದ. ಆದರೆ ಹವ್ಯಾಸದಿಂದ ಹೊಟ್ಟೆ ತುಂಬುವುದಿಲ್ಲ. ಕೆಲಸವನ್ನರಸಿ ಇಂಗ್ಲೆಂಡಿನ ಸ್ಟೋಕ್ ನಗರದ ಗಣಿಗೆ ಹೋದ. ಅಲ್ಲಿ 1957ರಲ್ಲಿ ಮೇಲಿನ ಬಂಡೆ ಕುಸಿದು ಆತನನ್ನು ಹೂತುಹಾಕಿತು.

ಮೂರು ಗಂಟೆಗಳ ಕಾಲ! ಬೆರಳನ್ನು ಅಲುಗಿಸುವಂತಿಲ್ಲ, ಕೊಸರಾಡಿದರೆ ಇದ್ದ ಉಸಿರೂ ಹೋದೀತು, ಮೇಲಿನ ಕಲ್ಲೂ ಜರುಗೀತು. ಇಂಥ ಸಮಯದಲ್ಲಿ ಮನುಷ್ಯನ ಮನಸ್ಸು ದೇವರತ್ತ ಓಡುವುದುಂಟು, ಹೆತ್ತವರತ್ತ ಓಡುವುದುಂಟು, ಹುಚ್ಚಿನತ್ತ ಓಡುವುದೂ ಉಂಟು. ರಿಯರ್ಡನ್ನನ ಮನಸ್ಸು ಗೋಲಿಯಾಟಕ್ಕೆ ಓಡಿತು. ಆ ಕತ್ತಲೆಯಲ್ಲಿ ಅಲುಗಾಡದೆ ಮಲಗಿ, ತಮ್ಮನೊಡನೆ ಮನಸ್ಸಿನಲ್ಲೇ ಗೋಲಿ ಆಡಿದನಂತೆ. ಒಂದಾಟ ಮುಗಿದೊಡನೆ ಇನ್ನೊಂದು, ಅದು ಮುಗಿದರೆ ಮತ್ತೊಂದು. ಅಗೆದು ತೆಗೆದಾಗ ಜೀವವಿತ್ತು. ಮುಂದೆ ಈತನ ಎದುರು ಆಡಿದವರೆಲ್ಲ, ಈ ಮನುಷ್ಯನಿಗೆ ಗಾಬರಿ ಎಂಬುದೇ ಇಲ್ಲವೇ ಎಂದು ಬೆರಗಾದದ್ದುಂಟು. ಗಾಬರಿಯನ್ನೆಲ್ಲ ಆತ ಆ ಮೂರು ಗಂಟೆಗಳಲ್ಲೇ ಖರ್ಚು ಮಾಡಿ ಮುಗಿಸಿದ್ದನೋ ಏನೋ!

1960ರಲ್ಲಿ ಗಣಿಯನ್ನು ಬಿಟ್ಟು ಅದೇ ಊರಿನಲ್ಲಿ ಪೊಲೀಸ್ ಪೇದೆಯಾದ. ಧೈರ್ಯಕ್ಕಾಗಿ ಪ್ರಶಂಸೆಯನ್ನೂ ಪಡೆದ. 1964ರಲ್ಲಿ ಜಾನ್ ಸ್ಪೆನ್ಸರನನ್ನು ಸೋಲಿಸಿ ಇಂಗ್ಲೆಂಡಿನ ಹವ್ಯಾಸಿ ಪಟ್ಟವನ್ನು ಗೆದ್ದ. ಬಳಿಕ ದಕ್ಷಿಣ ಆಫ್ರಿಕದಿಂದ ಆಟದ ಪ್ರವಾಸಕ್ಕೆ ಕರೆ ಬಂದಿತು. 1967ರಲ್ಲಿ ಸರಕಾರದ ಕೆಲಸಕ್ಕೆ ರಾಜೀನಾಮೆ ಕೊಟ್ಟು ವೃತ್ತಿಪರ ಆಟಗಾರನಾದ. ಆಗ ಆತನಿಗೆ ಮೂವತ್ತೈದು. ಮನೆಯಲ್ಲಿ ಹೆಂಡತಿ, ಮಕ್ಕಳು.

ಇದು ಎಂಥ ಸಾಹಸವೆಂಬುದನ್ನು ಇಂದಿನವರು ಊಹಿಸುವುದು ಕಷ್ಟ. ಪ್ರೇಕ್ಷಕರಿಲ್ಲದೆ ವಿಶ್ವ ಚಾಂಪಿಯನ್‌ಷಿಪ್ 1957ರಲ್ಲೇ ನಿಂತುಹೋಗಿದ್ದಿತು. 1964ರಲ್ಲಿ ಮತ್ತೆ ಉಸಿರಾಡತೊಡಗಿದ್ದರೂ ಅದು ಬಲ್ಲವರಿಬ್ಬರು ಸವಾಲು ಹಾಕಿ ಆಡುವಷ್ಟಕ್ಕೇ ಸೀಮಿತ. ಪಿಂಚಣಿ ಬರುವ ಕೆಲಸ ತೊರೆದು ಇಂಥ ಸೊರಗಿದ ಆಟವನ್ನು ನಂಬಿದವನಿಗೆ ನಮ್ಮ ಹಿರಿಯರಾಗಿದ್ದರೆ ಏನೆನ್ನುತ್ತಿದ್ದರೆಂದು ಬರೆಯಬೇಕಾಗಿಲ್ಲ.

ಅದೃಷ್ಟವು ಬಣ್ಣದ ಟೆಲಿವಿಷನ್ನಿನ ರೂಪದಲ್ಲಿ ಬಂದಿತು. ಹೊಸ ಬಣ್ಣವನ್ನು ಜನರಿಗೆ ತೋರಿಸಲು ಬಿ.ಬಿ.ಸಿ.ಯವರಿಗೆ ಬಣ್ಣಬಣ್ಣದ ಚೆಂಡಿನ ಆಟವೊಂದು ಬೇಕಿದ್ದಿತು. 1969ರಲ್ಲಿ ಅವರು ಆರಂಭಿಸಿದ ‘ಪಾಟ್ ಬ್ಲ್ಯಾಕ್’ ಸ್ಪರ್ಧೆಯ ಮೊದಲ ವಿಜಯಿ ರಿಯರ್ಡನ್. ಮರುವರ್ಷ ಜಾನ್ ಪುಲ್ಮನ್ನನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಆಮೇಲೆ 1973ರಿಂದ 1976ರ ವರೆಗೆ ನಾಲ್ಕು ವರ್ಷ ಪಟ್ಟವನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಹಣೆಯ ನಡುವಿಗೆ ಚೂಪಾಗಿ ಇಳಿದ ಕಪ್ಪು ಕೂದಲು, ನಕ್ಕರೆ ಎದ್ದು ಕಾಣುವ ಕೋರೆಹಲ್ಲು. ಜನ ಈತನನ್ನು ‘ಡ್ರಾಕುಲಾ’ ಎಂದು ಕರೆದರು. ಹೆಸರು ಭೂತದ್ದು, ಸ್ವಭಾವ ಮಾತ್ರ ಹಾಸ್ಯಗಾರನದು.

1975ರ ಕೊನೆಯ ಪಂದ್ಯ ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ನಡೆಯಿತು. ಎದುರಾಳಿ ಆ ದೇಶದವನೇ ಆದ ಎಡ್ಡಿ ಚಾರ್ಲ್‌ಟನ್. ಮೊದಲು 31 ಫ್ರೇಮ್ ಗೆದ್ದವನದು ಪಟ್ಟ. ಚಾರ್ಲ್‌ಟನ್ 29-23ರಲ್ಲಿ ಮುಂದಿದ್ದ. ಇನ್ನೆರಡು ಗೆದ್ದರೆ ಆಯಿತು. ಅಲ್ಲಿಂದ ರಿಯರ್ಡನ್ ಒಂದರ ಮೇಲೊಂದರಂತೆ ಏಳು ಫ್ರೇಮುಗಳನ್ನು ಗೆದ್ದ. ಚಾರ್ಲ್‌ಟನ್ ಒಂದನ್ನು ಕಸಿದು 30-30 ಮಾಡಿದ. ಕಟ್ಟಕಡೆಯ ಫ್ರೇಮು ರಿಯರ್ಡನ್ನನದಾಯಿತು. ಅರುವತ್ತೊಂದು ಫ್ರೇಮುಗಳ ಬಳಿಕ ಒಂದೇ ಫ್ರೇಮಿನ ಅಂತರ! ಎರಡು ವರ್ಷ ಹಿಂದೆ ಸ್ಪೆನ್ಸರನ ಎದುರಿನಲ್ಲೂ 12-19ರಿಂದ ಮೇಲೆದ್ದು 23-22ರಲ್ಲಿ ಗೆದ್ದಿದ್ದನೆಂಬುದನ್ನು ನೆನೆದರೆ, ಹೂತಲ್ಲಿಂದ ಎದ್ದು ಬರುವುದು ಈತನಿಗೆ ಅಭ್ಯಾಸವೇ ಆಗಿದ್ದಿತೆನ್ನಬೇಕು.

1978ರಲ್ಲಿ ಪೆರಿ ಮಾನ್ಸ್‌ನನ್ನು 25-18ರಲ್ಲಿ ಸೋಲಿಸಿ ಆರನೆಯ ಸಲ ಪಟ್ಟವೇರಿದಾಗ ವಯಸ್ಸು ನಲವತ್ತೈದು. ಅಷ್ಟು ವಯಸ್ಸಿನ ಚಾಂಪಿಯನ್ನನನ್ನು ಆ ಸ್ಪರ್ಧೆ ಅದುವರೆಗೆ ಕಂಡಿರಲಿಲ್ಲ.

ಬೇರೆ ಆಟಗಳಲ್ಲಿ ಸೋಲುವವನು ಓಡಬಹುದು, ಬೀಳಬಹುದು, ಬೆವರಿಳಿಸಿ ಪ್ರತಿಭಟಿಸಬಹುದು. ಸ್ನೂಕರಿನಲ್ಲಿ ಸೋಲುವವನು ಮಾಡಬೇಕಾದುದು ಒಂದೇ: ಕುರ್ಚಿಯ ಮೇಲೆ ಕುಳಿತು ನೋಡುತ್ತಿರುವುದು. ಎದುರಾಳಿ ತಪ್ಪುವ ತನಕ ಆತನಿಗೆ ಕೈಯೂ ಇಲ್ಲ, ಕಾಲೂ ಇಲ್ಲ. 1982ರಲ್ಲಿ ಷೆಫೀಲ್ಡ್ ನಗರದ ಕ್ರೂಸಿಬಲ್ ರಂಗಮಂದಿರದಲ್ಲಿ, ನಲವತ್ತೊಂಬತ್ತರ ರಿಯರ್ಡನ್ ಮತ್ತೆ ಅಂತಿಮ ಪಂದ್ಯವನ್ನು ತಲುಪಿದ್ದ. ಎದುರಿಗೆ ಬೆಲ್‌ಫಾಸ್ಟಿನ ಅಲೆಕ್ಸ್ ಹಿಗಿನ್ಸ್. ಬಿರುಗಾಳಿಯಂಥ ಆಟ, ಬಿರುಗಾಳಿಯಂಥದೇ ಬಾಳು. 12-15ರಿಂದ ಮುದುಕ ಮೂರು ಫ್ರೇಮು ಗೆದ್ದು 15-15 ಮಾಡಿದಾಗ ಹಳೆಯ ಕಥೆಯೇ ಮರುಕಳಿಸುವಂತೆ ತೋರಿತು. ಮರುಕಳಿಸಲಿಲ್ಲ. ಮುಂದಿನ ಎರಡನ್ನು ಹಿಗಿನ್ಸ್ ಗೆದ್ದ. ಮೂರನೆಯದರಲ್ಲಿ ಒಂದೇ ಸರದಿಯಲ್ಲಿ 135 ಅಂಕ ಗಳಿಸಿ ಮೇಜನ್ನೇ ಬರಿದು ಮಾಡಿದ. ರಿಯರ್ಡನ್ ಕುರ್ಚಿಯಲ್ಲಿ ಕುಳಿತು ನೋಡಿದ. ಗೆದ್ದವನು ಕಣ್ಣೀರಿಡುತ್ತ ಹೆಂಡತಿಯನ್ನೂ ಕೈಗೂಸನ್ನೂ ಬಳಿಗೆ ಕರೆದ ಆ ದೃಶ್ಯವನ್ನು ಬ್ರಿಟನ್ನಿನ ಜನ ಇಂದಿಗೂ ಮರೆತಿಲ್ಲ. ಪಕ್ಕದಲ್ಲಿದ್ದ ಸೋತವನನ್ನು ನೆನೆಯುವವರು ಕಡಿಮೆ.

ಅದೇ ವರ್ಷ, ಐವತ್ತು ತುಂಬಿದ ಹದಿನಾಲ್ಕನೆಯ ದಿನ, ಇಪ್ಪತ್ತರ ಜಿಮ್ಮಿ ವೈಟನನ್ನು 10-5ರಲ್ಲಿ ಸೋಲಿಸಿ ಮತ್ತೊಂದು ಪ್ರಶಸ್ತಿ ಗೆದ್ದ. ಅನಂತರದ್ದು ಇಳಿಜಾರು. 1985ರ ಸೆಮಿಫೈನಲಿನಲ್ಲಿ ಸ್ಟೀವ್ ಡೇವಿಸ್ ಆತನನ್ನು 16-5ರಲ್ಲಿ ಉರುಳಿಸಿದ. 1988ರಲ್ಲಿ ಬೇರೊಂದು ಸ್ಪರ್ಧೆಯಲ್ಲಿ ಅದೇ ಡೇವಿಸನಿಗೆ ಒಂದು ಫ್ರೇಮನ್ನೂ ಕೊಡದೆ 5-0ರಲ್ಲಿ ಸೋಲಿಸಿ ಮುದುಕ ಲೆಕ್ಕ ತೀರಿಸಿದ. 1991ರಲ್ಲಿ ಕೋಲನ್ನು ಕೆಳಗಿಟ್ಟ.

ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಗಾಲ್ಫ್ ಆಡುತ್ತ ನೆಮ್ಮದಿಯಾಗಿದ್ದ ಎಪ್ಪತ್ತರ ವೃದ್ಧನ ನೆರವನ್ನು ಆ ಕಾಲದ ಮಹಾ ಪ್ರತಿಭಾವಂತ ರಾನಿ ಓ’ಸಲಿವನ್ ಪಡೆದ. ಚೆಂಡನ್ನು ಕುಳಿಗೆ ತಳ್ಳುವುದನ್ನು ಆತನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಚೆಂಡು ಬೀಳುವಂತಿಲ್ಲದಾಗ ಏನು ಮಾಡಬೇಕು, ಬಿಳಿಯ ಚೆಂಡನ್ನು ಎಲ್ಲಿ ಅಡಗಿಸಿ ಎದುರಾಳಿಯನ್ನು ಕಾಯಿಸಬೇಕು ಎಂಬುದನ್ನು ರಿಯರ್ಡನ್ ಕಲಿಸಿದ. ಕಾಯುವ ವಿದ್ಯೆಯನ್ನು ಆತನಿಗಿಂತ ಚೆನ್ನಾಗಿ ಬಲ್ಲವರು ಯಾರು? 2004ರಲ್ಲಿ ಶಿಷ್ಯ ಅಂತಿಮ ಪಂದ್ಯವನ್ನು 18-8ರಲ್ಲಿ ಗೆದ್ದ. 2022ರಲ್ಲಿ ನಲವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಗೆದ್ದು, ಅತ್ಯಂತ ಹಿರಿಯ ಚಾಂಪಿಯನ್ ಎಂಬ ಗುರುವಿನ ನಲವತ್ತನಾಲ್ಕು ವರ್ಷದ ದಾಖಲೆಯನ್ನೂ ತೆಗೆದುಕೊಂಡ. ಅದನ್ನು ನೋಡಲು ಗುರು ಇನ್ನೂ ಬದುಕಿದ್ದ.

ವೇಲ್ಸಿನ ಪ್ರಧಾನ ಸ್ಪರ್ಧೆಯ ಪಾರಿತೋಷಕಕ್ಕೆ 2017ರಿಂದ ರಿಯರ್ಡನ್ನನ ಹೆಸರಿದೆ. 2024ರ ಜುಲೈ 19ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಒಂದೂವರೆ ಶತಮಾನದ ಹಿಂದೆ ಜಬಲ್‌ಪುರದಲ್ಲಿ ಈ ಆಟ ಹೂಡಿದ ರೆಜಿಮೆಂಟಿನ ಹೆಸರೂ, ಗಣಿಯ ಹುಡುಗ ಮುಪ್ಪನ್ನು ಕಳೆದ ನಾಡಿನ ಹೆಸರೂ ಒಂದೇ.