ಹನ್ನೆರಡನೆಯವನು

ಭದ್ರಾವತಿಯ ನ್ಯೂ ಟೌನಿನಲ್ಲಿ ಸಂಜೆಯಾಗುತ್ತಿದ್ದಂತೆ ಬಯಲುಗಳಿಗೆ ಜೀವ ಬರುತ್ತದೆ. ಪುಸ್ತಕದ ಚೀಲವನ್ನು ಜಗುಲಿಯ ಮೇಲೆ ಎಸೆದು ಓಡಿಬರುವ ಹುಡುಗರು ಮೂರು ಕಡ್ಡಿಗಳನ್ನು ನೆಲಕ್ಕೆ ಊರಿದರೆಂದರೆ ಅದೇ ಕ್ರಿಕೆಟ್ ಅಂಗಳ. ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ ಆ ಆಟವನ್ನು ನೋಡುತ್ತ ಕುಳಿತುಕೊಳ್ಳುವುದು ನನ್ನ ನಿತ್ಯದ ಅಭ್ಯಾಸವಾಗಿದೆ. ಮೊನ್ನೆ ಇಬ್ಬರು ನಾಯಕರು ಸರದಿಯ ಮೇಲೆ ಒಬ್ಬೊಬ್ಬರನ್ನೇ ಕರೆದುಕೊಂಡು ತಂಡ ಕಟ್ಟುತ್ತಿದ್ದರು. ಕೊನೆಗೆ ಒಬ್ಬ ಹುಡುಗ ಉಳಿದ. "ನೀನು ಆಚೆ ನಿಂತು ಚೆಂಡು ಹೆಕ್ಕಿಕೊಡು. ಯಾರಾದರೂ ಮನೆಗೆ ಹೋದರೆ ನಿನ್ನನ್ನು ಸೇರಿಸಿಕೊಳ್ತೀವಿ" ಎಂದರು. ಅವನು ತಲೆಯಾಡಿಸಿ ಚರಂಡಿಯ ಅಂಚಿಗೆ ಹೋಗಿ ನಿಂತ. ಕತ್ತಲಾಗುವವರೆಗೂ ಯಾರೂ ಮನೆಗೆ ಹೋಗಲಿಲ್ಲ.

ನಮ್ಮ ಊರಿಗೆ ಕ್ರಿಕೆಟ್ಟಿನ ಕೀರ್ತಿ ಹೊಸದಲ್ಲ. ಗುಂಡಪ್ಪ ವಿಶ್ವನಾಥರು 1949ರಲ್ಲಿ ಜನಿಸಿದ್ದು ಈ ಭದ್ರಾವತಿಯಲ್ಲಿಯೇ. 91 ಟೆಸ್ಟ್ ಪಂದ್ಯಗಳಲ್ಲಿ 6,080 ರನ್ನುಗಳನ್ನೂ 14 ಶತಕಗಳನ್ನೂ ಗಳಿಸಿದ ಅವರ ಹೆಸರು ಇಲ್ಲಿ ಮನೆಮಾತು. ಅಂಥವರ ಕಥೆಯನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಚರಂಡಿಯ ಅಂಚಿನಲ್ಲಿ ನಿಂತ ಆ ಹುಡುಗನನ್ನು ಕಂಡಾಗ ಮಾತ್ರ ನನ್ನ ಮನಸ್ಸು ಬೇರೊಬ್ಬರ ಕಡೆಗೆ ಹರಿಯಿತು.

1974ರ ನವೆಂಬರ್ ತಿಂಗಳು. ನಾನಾಗ ಹೈಸ್ಕೂಲು ವಿದ್ಯಾರ್ಥಿ. ಬೆಂಗಳೂರಿನಲ್ಲಿ ಮೊಟ್ಟಮೊದಲನೆಯ ಟೆಸ್ಟ್ ಪಂದ್ಯ. ಎದುರಾಳಿಗಳು ವೆಸ್ಟ್ ಇಂಡೀಸಿನವರು. ನೆರೆಮನೆಯ ರೇಡಿಯೋದ ಮುಂದೆ ಬೀದಿಯ ಹುಡುಗರೆಲ್ಲ ನೆರೆದಿದ್ದೆವು. ನಮ್ಮ ವಿಶ್ವನಾಥರು ಆಡುತ್ತಿದ್ದಾರೆಂಬ ಸಂಭ್ರಮದಲ್ಲಿ, ಆಡದೆ ಉಳಿದವರ ಯೋಚನೆ ನಮಗೆ ಬರಲಿಲ್ಲ. ಹಾಗೆ ಉಳಿದವರಲ್ಲಿ ಒಬ್ಬರು ರಾಜಿಂದರ್ ಗೋಯಲ್. ಎಡಗೈ ಸ್ಪಿನ್ ಬೌಲರ್ ಬಿಷನ್ ಸಿಂಗ್ ಬೇಡಿಯವರನ್ನು ಶಿಸ್ತಿನ ಕಾರಣಕ್ಕಾಗಿ ಆ ಪಂದ್ಯದಿಂದ ಕೈಬಿಟ್ಟಿದ್ದರು. ಅವರಂತೆಯೇ ಎಡಗೈಯಲ್ಲಿ ಬೌಲ್ ಮಾಡುತ್ತಿದ್ದ ಗೋಯಲರಿಗೆ ಬೆಂಗಳೂರಿನಿಂದ ಕರೆ ಬಂತು. ಆಗ ಅವರಿಗೆ 32 ವರ್ಷ. ಬೆಳಗಾದಾಗ ಹನ್ನೊಂದು ಹೆಸರುಗಳಲ್ಲಿ ಅವರ ಹೆಸರು ಇರಲಿಲ್ಲ. ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್ ಈ ಮೂವರೂ ಸ್ಪಿನ್ ಬೌಲರುಗಳೇ ಆಡಿದರು. ಗೋಯಲರು ಹೊರಗೆ ಉಳಿದರು. ಮುಂದಿನ ಪಂದ್ಯಕ್ಕೆ ಬೇಡಿಯವರು ಮರಳಿದರು. ಗೋಯಲರಿಗೆ ಟೆಸ್ಟ್ ಆಡುವ ಅವಕಾಶ ಮುಂದೆಂದೂ ಒದಗಲಿಲ್ಲ.

ಅವರು ಸಾಮಾನ್ಯ ಬೌಲರೇ? ರಣಜಿ ಟ್ರೋಫಿಯಲ್ಲಿ ಅವರು ಪಡೆದ ವಿಕೆಟ್‌ಗಳು 637. ಆ ಸಂಖ್ಯೆಯನ್ನು ಇಂದಿಗೂ ಯಾರೂ ದಾಟಿಲ್ಲ. ಅವರಿಗೆ ಅಡ್ಡಬಂದದ್ದು ಅವರ ಕಾಲ. ಒಂದು ತಂಡದಲ್ಲಿ ಇಬ್ಬರೋ ಮೂವರೋ ಸ್ಪಿನ್ ಬೌಲರುಗಳಿಗೆ ಮಾತ್ರ ಎಡೆಯುಂಟು. ಅವರಲ್ಲಿ ಒಬ್ಬೊಬ್ಬರದು ಒಂದೊಂದು ಬಗೆಯಾಗಿದ್ದರೆ ತಂಡಕ್ಕೆ ಅನುಕೂಲ. ಎಡಗೈಯವರಿಗೆ ಮೀಸಲಾದ ಆ ಒಂದು ಪೀಠದಲ್ಲಿ 1966ರಿಂದ 1979ರವರೆಗೆ 266 ಟೆಸ್ಟ್ ವಿಕೆಟ್‌ಗಳನ್ನು ಪಡೆದ ಬೇಡಿಯವರು ಕುಳಿತಿದ್ದರು. ಬಾಗಿಲಲ್ಲಿ ನಿಂತಿದ್ದವರಾದರೋ ಅನೇಕರು. ಮುಂಬಯಿಯ ಪದ್ಮಾಕರ ಶಿವಾಲ್ಕರರು 589 ಪ್ರಥಮ ದರ್ಜೆ ವಿಕೆಟ್‌ಗಳನ್ನು ಗಳಿಸಿಯೂ ಒಂದು ಟೆಸ್ಟ್ ಆಡಲಿಲ್ಲ. ನಮ್ಮ ಕರ್ನಾಟಕದ ವಿಜಯಕೃಷ್ಣ ಅವರ ಪಾಡೂ ಅದೇ. ಎಡಗೈಯಲ್ಲಿ ಬೌಲ್ ಮಾಡಿ, ಬ್ಯಾಟಿನಲ್ಲಿಯೂ ನೆರವಾಗುತ್ತಿದ್ದ ಅವರು 80 ಪ್ರಥಮ ದರ್ಜೆ ಪಂದ್ಯಗಳನ್ನು ಆಡಿದರು. ಸತತವಾಗಿ 15 ವರ್ಷ ರಣಜಿ ಟ್ರೋಫಿಯನ್ನು ಗೆದ್ದಿದ್ದ ಮುಂಬಯಿಯ ಓಟವನ್ನು ತಡೆದು, 1974ರಲ್ಲಿ ಅದನ್ನು ಮೊದಲ ಬಾರಿಗೆ ನಮ್ಮ ರಾಜ್ಯಕ್ಕೆ ತಂದ ತಂಡದ ಕಾಲದವರು ಅವರು. ಪ್ರಸನ್ನ, ಚಂದ್ರಶೇಖರರ ಹೆಸರು ಹೇಳುವ ನಾವು ಅವರ ಹೆಸರನ್ನು ಎಷ್ಟು ಸಲ ಹೇಳಿದ್ದೇವೆ?

ಬಾಗಿಲು ತೆರೆದರೂ ಬಹಳ ಹೊತ್ತು ಒಳಗೆ ಇರಗೊಡದ ಉದಾಹರಣೆಯೂ ಉಂಟು. ಪುತ್ತೂರಿನಲ್ಲಿ ಹುಟ್ಟಿದ ರಘುರಾಮ ಭಟ್ಟರು 1982ರ ರಣಜಿ ಸೆಮಿಫೈನಲ್ ಪಂದ್ಯದಲ್ಲಿ ಮುಂಬಯಿಯ ವಿರುದ್ಧ ಹ್ಯಾಟ್ರಿಕ್ ಸಾಧಿಸಿದರು. ಚೆಂಡು ಅವರ ಕೈಯಿಂದ ಎಷ್ಟು ತಿರುಗುತ್ತಿತ್ತೆಂದರೆ, ಬಲಗೈ ದಾಂಡಿಗರಾದ ಸುನಿಲ್ ಗಾವಸ್ಕರರು ಎರಡನೆಯ ಸರದಿಯಲ್ಲಿ ಭಟ್ಟರನ್ನು ಎದುರಿಸುವಾಗ ಎಡಗೈಯಲ್ಲಿ ಆಡಿದರು! ಅಂಥ ಭಟ್ಟರಿಗೆ ದೊರೆತದ್ದು ಎರಡೇ ಟೆಸ್ಟ್ ಪಂದ್ಯಗಳು, ಎರಡೂ 1983ರಲ್ಲಿ. ಅವರ ಪ್ರಥಮ ದರ್ಜೆ ವಿಕೆಟ್‌ಗಳೋ 374.

ಇಂಥವರನ್ನು ಕುರಿತು ನಾವು ಆಡುವ ಮಾತುಗಳು ಸಾಮಾನ್ಯವಾಗಿ ಎರಡು. "ಪಾಪ, ಅದೃಷ್ಟವಿರಲಿಲ್ಲ" ಎಂಬುದು ಒಂದು. "ಫಲವನ್ನು ಬಯಸದೆ ದುಡಿಯಬೇಕು" ಎಂಬ ಉಪದೇಶ ಇನ್ನೊಂದು. ಈ ಎರಡನೆಯ ಮಾತನ್ನು ನಾನೂ ಒಮ್ಮೆ ಆಡಿ ಪಾಠ ಕಲಿತೆ.

ನಾನು ಉಪಾಧ್ಯಾಯನಾಗಿದ್ದ ಶಾಲೆಯೊಂದರಲ್ಲಿ ಕ್ರಿಕೆಟ್ ತಂಡದ ಉಸ್ತುವಾರಿಯೂ ನನ್ನದಾಗಿತ್ತು. ತಂಡದಲ್ಲಿ ಒಬ್ಬ ಹುಡುಗನಿದ್ದ. ಮೂರು ವರ್ಷವೂ ಅವನು ಹನ್ನೆರಡನೆಯವನೇ. ನೀರು ಕೊಡುವುದು, ಚೀಲ ಹೊರುವುದು, ಸ್ಕೋರು ಪುಸ್ತಕ ಬರೆಯುವುದು ಅವನ ಪಾಲಿನ ಕೆಲಸ. ಕೊನೆಯ ವರ್ಷದ ಅಂತಿಮ ಪಂದ್ಯದ ದಿನ ಹನ್ನೊಂದು ಮಂದಿಯಲ್ಲಿ ಒಬ್ಬನಿಗೆ ಜ್ವರ ಬಂತು. ಇವನು ಬಿಳಿಯ ಷರಟು ಹಾಕಿಕೊಂಡು, ಬೂಟಿನ ದಾರ ಬಿಗಿದುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದ. ಗೆಲ್ಲಬೇಕೆಂಬ ಆಸೆಯಿಂದ ನಾನು ಜ್ವರದ ಹುಡುಗನನ್ನೇ ಆಟಕ್ಕೆ ಕಳುಹಿಸಿದೆ. ನಾವು ಗೆದ್ದೆವು. ಹಿಂದಿರುಗುವಾಗ ಬಸ್ಸಿನಲ್ಲಿ ಇವನ ಪಕ್ಕದಲ್ಲಿ ಕುಳಿತು, "ಫಲ ಬಯಸದೆ ದುಡಿಯಬೇಕಪ್ಪ. ಗೆದ್ದವರಿಗೆ ನೀರು ಕೊಟ್ಟ ಪುಣ್ಯ ನಿನ್ನದು" ಎಂದೆ. ಅವನು ಕಿಟಕಿಯ ಹೊರಗೆ ನೋಡುತ್ತಲೇ ಮೆಲ್ಲಗೆ ಹೇಳಿದ: "ನೀರು ಕೊಡುವವನಿಗೂ ಬಾಯಾರಿಕೆಯಾಗುತ್ತೆ, ಸಾರ್."

ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಸ್ಕೋರು ಪುಸ್ತಕವನ್ನು ತೆರೆದು ನೋಡಿದೆ. ಆ ದಿನದ ಪುಟದಲ್ಲಿ ಒಂದು ತಪ್ಪೂ ಇರಲಿಲ್ಲ. ಹನ್ನೊಂದು ಹೆಸರುಗಳನ್ನೂ ಅವನು ಎಂದಿನ ಗುಂಡನೆಯ ಅಕ್ಷರಗಳಲ್ಲಿ ಬರೆದಿದ್ದ. ಅವನ ನೋವೂ ನಿಜ, ಆ ಅಕ್ಷರಗಳ ಅಚ್ಚುಕಟ್ಟೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮರೆಸಲು ಹೊರಟಿದ್ದು ನನ್ನ ತಪ್ಪು.

ಗೋಯಲರ ಬಾಳನ್ನು ನಾನು ಅರಿತುಕೊಂಡದ್ದು ಆ ಹುಡುಗನಿಂದ. ಬೆಂಗಳೂರಿನಿಂದ ನಿರಾಶರಾಗಿ ಹಿಂದಿರುಗಿದ ಅವರು ಅನಂತರವೂ ಸುಮಾರು ಹತ್ತು ವರ್ಷ ರಣಜಿ ಪಂದ್ಯಗಳಲ್ಲಿ ಬೌಲ್ ಮಾಡಿದರು. ಸಣ್ಣ ಊರುಗಳ ಅಂಗಳಗಳಲ್ಲಿ, ಬೆರಳೆಣಿಕೆಯ ಪ್ರೇಕ್ಷಕರ ಮುಂದೆ, ಬಿಸಿಲಿನಲ್ಲಿ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಚೆಂಡನ್ನು ಹಾಕುವ ಕೆಲಸ ಅದು. ನೋವಿರಲಿಲ್ಲವೆಂದು ಯಾರು ಹೇಳಬಲ್ಲರು? ಆದರೆ ಆ ನೋವು ಅವರ ಬೌಲಿಂಗನ್ನು ಕೆಡಿಸಲಿಲ್ಲ. ದೇಶದ ಹೆಸರಾಂತ ದಾಂಡಿಗರು ತಮ್ಮ ಆಟವನ್ನು ತಿದ್ದಿಕೊಂಡದ್ದು ಇಂಥ ಬೌಲರುಗಳ ಎದುರಿನಲ್ಲಿಯೇ. ಸಾಣೆಕಲ್ಲು ಸವೆಯದೆ ಕತ್ತಿ ಹರಿತವಾದೀತೇ? ಇದನ್ನು ಬಲ್ಲ ಗಾವಸ್ಕರರು, ತಾವು ಮೆಚ್ಚಿದ ಆಟಗಾರರನ್ನು ಕುರಿತ ತಮ್ಮ ಪುಸ್ತಕದಲ್ಲಿ ಟೆಸ್ಟ್ ಆಡದ ಗೋಯಲರಿಗೂ ಶಿವಾಲ್ಕರರಿಗೂ ಸ್ಥಾನ ಕೊಟ್ಟರು. 2017ರಲ್ಲಿ ಭಾರತದ ಕ್ರಿಕೆಟ್ ಮಂಡಳಿಯು ಇವರಿಬ್ಬರಿಗೂ ಸಿ. ಕೆ. ನಾಯುಡು ಜೀವಮಾನ ಸಾಧನೆಯ ಪ್ರಶಸ್ತಿಯನ್ನು ನೀಡಿ ಗೌರವಿಸಿತು. ಆ ಸಮಾರಂಭ ನಡೆದದ್ದು ಬೆಂಗಳೂರಿನಲ್ಲಿ. ಗೋಯಲರನ್ನು ಹೊರಗೆ ನಿಲ್ಲಿಸಿದ್ದ ಊರಿನಲ್ಲಿಯೇ. ಆಗ ಅವರಿಗೆ 74 ವರ್ಷ. ಗೋಯಲರು 2020ರಲ್ಲಿಯೂ, ವಿಜಯಕೃಷ್ಣ ಅವರು 2021ರಲ್ಲಿಯೂ, ಶಿವಾಲ್ಕರರು 2025ರಲ್ಲಿಯೂ ತೀರಿಕೊಂಡರು.

ನಿಮ್ಮಲ್ಲಿ ಕೆಲವರು ಮುಂದೆ ಆಡುವ ಹನ್ನೊಂದು ಮಂದಿಯಲ್ಲಿ ಇರುತ್ತೀರಿ. ಹೆಚ್ಚಿನವರು ಒಂದಲ್ಲ ಒಂದು ಕಡೆ ಹನ್ನೆರಡನೆಯವರಾಗಿ ನಿಲ್ಲಬೇಕಾಗುತ್ತದೆ. ಆಗ ದುಃಖವಾದರೆ ನಾಚಬೇಡಿ. ಕೈಯಲ್ಲಿರುವ ಕೆಲಸವನ್ನು ಮಾತ್ರ ಕೆಡಿಸಬೇಡಿ. ಆರಿಸುವ ಅಧಿಕಾರ ನಿಮ್ಮ ಕೈಗೆ ಬಂದಾಗ, ಅಂಚಿನಲ್ಲಿ ನಿಂತವನ ಮುಖವನ್ನು ಒಮ್ಮೆ ನೋಡಿ.

ಮರುದಿನ ಸಂಜೆ ನಾನು ಬಯಲಿಗೆ ಹೋದಾಗ ಆ ಹುಡುಗ ಎಲ್ಲರಿಗಿಂತ ಮೊದಲೇ ಬಂದು ಕಡ್ಡಿಗಳನ್ನು ಊರುತ್ತಿದ್ದ. ನಾಯಕನೊಬ್ಬನನ್ನು ಕರೆದು, "ಇವತ್ತು ಎಣಿಕೆಯನ್ನು ಈ ಕಡೆಯಿಂದ ಶುರುಮಾಡಪ್ಪ" ಎಂದೆ. ಅವನು ನಕ್ಕು ಒಪ್ಪಿಕೊಂಡ. ನಮ್ಮ ಹುಡುಗ ಆಡಲು ಹೋಗಿ ಎರಡನೆಯ ಚೆಂಡಿಗೇ ಔಟಾದ. ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದಿರುಗುವಾಗ ಅವನ ಮುಖದಲ್ಲಿ ಬೇಸರವಿತ್ತು. ಆದರೆ ಅದು ಆಡಿದವನ ಬೇಸರ.