ಕಶೇಡಿ ಘಾಟಿ ಹತ್ತುವ ಮುನ್ನ

ರೈಲು ಬೇಡ, ನಮ್ಮ ಕಾರಿನಲ್ಲೇ ಊರಿಗೆ ಹೋಗೋಣ ಎಂದು ಹಟ ಹಿಡಿಯುವ ಮಕ್ಕಳೇ, ಮುಂಬಯಿಯಿಂದ ಮಂಗಳೂರಿನ ಕಡೆಗಿರುವ ಹೆದ್ದಾರಿ (ಹಿಂದಿನ 17, ಈಗಿನ 66) ನೋಡಲು ಬಲು ಚೆಂದ. ಪನವೇಲ್, ಪೇಣ್ ದಾಟಿ ಮಹಾಡಕ್ಕೆ ಬಂದರೆ ಸಾವಿತ್ರಿ ನದಿ. ಪೋಲಾದಪುರ ಕಳೆದರೆ ಕಶೇಡಿ ಘಾಟಿ. ಅಲ್ಲಿಯ ಮಳೆಗಾಲದ ಹಸಿರು ನಮ್ಮ ಆಗುಂಬೆಯನ್ನು ನೆನಪಿಸುತ್ತದೆ. ಆದರೆ ತಿರುವು ತಿರುವಿಗೂ ಗೇರು ಬದಲಿಸಬೇಕು. ಕ್ಲಚ್ಚಿನ ನಿಜವಾದ ಪರೀಕ್ಷೆ ಅಲ್ಲೇ.

2014ರ ಮೇ ತಿಂಗಳಲ್ಲಿ ನಾವು ಹೊರಟಾಗ ಕ್ಲಚ್ಚಿಗೆ ಹೊಸ ಸ್ಲೇವ್ ಸಿಲಿಂಡರ್ ಹಾಕಿಸಿ ಎರಡೇ ದಿನವಾಗಿತ್ತು. ಪೋಲಾದಪುರಕ್ಕೆ ಬರುವಷ್ಟರಲ್ಲಿ ಪೆಡಲು ಹತ್ತಿಯ ದಿಂಬಿನಂತೆ ಮೆತ್ತಗಾಯಿತು, ಗೇರು ಕರಕರ ಎಂದಿತು. "ಹೊಸದಲ್ಲವೇ, ಅದರ ದೋಷವಿರಲಾರದು" ಎಂದರು ನಮ್ಮವರು. ರಸ್ತೆಬದಿಯ ಮೆಕ್ಯಾನಿಕ್ ಹುಡುಗ ಪೆಡಲನ್ನು ಬೇಗ ಬೇಗ ನಾಲ್ಕು ಸಲ ಒತ್ತಿದ. ಅದು ಗಟ್ಟಿಯಾಯಿತು. "ಹವಾ ಆಹೇ, ಕಾಕೂ" ಎಂದು ನಕ್ಕ.

ನೀವು ಪೆಡಲು ಒತ್ತಿದಾಗ ಮಾಸ್ಟರ್ ಸಿಲಿಂಡರ್ ಎಣ್ಣೆಯನ್ನು ಕೊಳವೆಯಲ್ಲಿ ತಳ್ಳುತ್ತದೆ. ಆ ಎಣ್ಣೆ ಸ್ಲೇವ್ ಸಿಲಿಂಡರನ್ನು ನೂಕಿ ಕ್ಲಚ್ ಬಿಡಿಸುತ್ತದೆ. ಎಣ್ಣೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಭಾಗ ಬದಲಿಸಲು ಕೊಳವೆ ಬಿಚ್ಚಿದರೆ ಗಾಳಿ ಹೊಕ್ಕೇ ಹೊಗುತ್ತದೆ, ಅದನ್ನು ಪೂರ್ತಿ ತೆಗೆಯಬೇಕು. ಅವನು ಕಾರಿನಡಿ ಮಲಗಿದ, ನಾನು ಚಾಲಕನ ಸೀಟಿನಲ್ಲಿ ಕುಳಿತೆ. "ದಾಬಾ" ಎಂದಾಗ ಒತ್ತಿ ಹಿಡಿಯಬೇಕು. ಅವನು ನಿಪ್ಪಲ್ ಸಡಿಲಿಸಿದರೆ ಗುಳ್ಳೆಗಳೊಂದಿಗೆ ಎಣ್ಣೆ ಹೊರಬರುತ್ತದೆ. ಅದನ್ನು ಬಿಗಿದ ಮೇಲೆಯೇ "ಸೋಡಾ" ಎನ್ನುವುದು. ಮೊದಲೇ ಕಾಲೆತ್ತಿದರೆ ಗಾಳಿ ಮತ್ತೆ ಒಳಕ್ಕೆ! ನಮ್ಮವರಿಗೆ ಡಬ್ಬಿಯ ಎಣ್ಣೆ ತಳ ಕಾಣದಂತೆ ತುಂಬುತ್ತಿರುವ ಕೆಲಸ. ಹತ್ತು ಹನ್ನೆರಡು ಸಲವಾದ ಮೇಲೆ ಗುಳ್ಳೆ ನಿಂತಿತು.

ಎಲ್ಲ ಸಲವೂ ಗಾಳಿಯೇ ಕಾರಣವೆನ್ನಬೇಡಿ. ಹೊರಗೆಲ್ಲೂ ಸೋರದೆ, ಒತ್ತಿ ಹಿಡಿದ ಪೆಡಲು ನಿಧಾನವಾಗಿ ಕುಸಿದರೆ ಮಾಸ್ಟರಿನ ಒಳಗಿನ ರಬ್ಬರು ಸವೆದಿರಬಹುದು. ಪೆಡಲು ಗಟ್ಟಿಯಾಗಿದ್ದೂ ಗೇರು ಬೀಳದಿದ್ದರೆ ಕ್ಲಚ್ ಪ್ಲೇಟನ್ನೇ ನೋಡಿಸಬೇಕು. ಡಬ್ಬಿಗೆ ಬ್ರೇಕ್ ಆಯಿಲ್ ಮಾತ್ರ ಹಾಕಿ. ಎಂಜಿನ್ ಆಯಿಲ್ ಹಾಕಿದರೆ ರಬ್ಬರು ಉಬ್ಬಿ ಕೆಡುತ್ತದೆ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅದರ ಮಟ್ಟ ಇಳಿಯುತ್ತಿದ್ದರೆ, ಅಜ್ಜಿ ಎಷ್ಟೇ ದಾರಿ ಕಾಯುತ್ತಿರಲಿ, ಘಾಟಿ ಹತ್ತಬೇಡಿ.

ಈಗ ಕಶೇಡಿಗೆ ಸುರಂಗವಿದೆ. ಆದರೆ ಚಿಪಳೂಣದ ಹತ್ತಿರ ಪರಶುರಾಮ ಘಾಟಿ ಮುಂದಿದ್ದೇ ಇದೆ. ರಿಪೇರಿ ಮಾಡಿಸಿದ್ದರೆ ಹೊರಡುವ ಮೊದಲು ಒಂದು ದಿನ ಊರೊಳಗೇ ಓಡಿಸಿ ನೋಡಿ.