ಮಳೆ ಅಲ್ಲಿ, ಹೊಳೆ ಇಲ್ಲಿ

ಚಿಕ್ಕೋಡಿ ಸೀಮೆಯ ಹೊಳೆದಂಡೆಯವರು ಜುಲೈ ಬಂತೆಂದರೆ ತಮ್ಮೂರ ಆಕಾಶಕ್ಕಿಂತ ಮಹಾಬಳೇಶ್ವರದ ಮಳೆ ಲೆಕ್ಕವನ್ನೇ ಹೆಚ್ಚು ನೋಡ್ತಾರೆ. ಇಲ್ಲಿ ಬಿಸಿಲಿದ್ದರೂ ಘಟ್ಟದ ಮೇಲೆ ಸುರಿದದ್ದು ಕೃಷ್ಣೆ, ದೂಧಗಂಗೆ, ವೇದಗಂಗೆಯಲ್ಲಿ ಇಳಿದು ಬರುತ್ತೆ. ಮೊದಲು ಮುಳುಗೋದು ಕಲ್ಲೋಳ-ಯಡೂರಿನಂಥ ತಗ್ಗು ಸೇತುವೆಗಳು, ಆಮೇಲೆ ಕಬ್ಬು.

ಹೊಳೆಯ ಮೇಲ್ಭಾಗದಲ್ಲಿರುವ, ಸುಮಾರು 105 ಟಿಎಂಸಿ ಹಿಡಿಯುವ ಕೊಯ್ನಾ ಅಣೆಕಟ್ಟಿನಲ್ಲಿ ದೊಡ್ಡ ಮಳೆಗೂ ಮುಂಚೆ ಒಂದಿಷ್ಟು ಜಾಗ ಬಿಟ್ಟುಕೊಂಡರೆ ಕೆಳಗಿನವರಿಗೆ ಏಟು ಕಡಿಮೆ. ಆಮೇಲೆ ಮಳೆ ಕೈಕೊಟ್ಟರೆ? ನೀರು ಬಿಟ್ಟವರನ್ನೇ ಬೈತೇವೆ, ಅದು ಬೇರೆ ಮಾತು! 2019ರ ಆಗಸ್ಟ್‌ನ ನೆರೆ ನೋಡಿದ ಮೇಲೆ ನನ್ನ ಮತ ಖಾಲಿ ಜಾಗಕ್ಕೇ.

ಸದ್ಯಕ್ಕೆ ದಂಡೆಯ ಪಂಪ್‌ಸೆಟ್ ಬಿಚ್ಚಿ ತನ್ನಿ, ದನಕರು ಎತ್ತರಕ್ಕೆ ಹೊಡೀರಿ. ಡಂಗುರದವನು ಬರೋತನಕ ಕಾಯಬೇಡಿ.